ಹಾಲಿನ ‘ಡಿಗ್ರಿ’ ಇಳಿದದ್ದು ಎಲ್ಲಿ?

ಬೆಳಿಗ್ಗೆ ಆರೂವರೆಗೆಲ್ಲ ಡೈರಿ ಮುಂದೆ ಸಾಲು ನಿಂತಿರುತ್ತದೆ. ಕ್ಯಾನಿನಿಂದ ಒಂದಿಷ್ಟು ಹಾಲು ಪರೀಕ್ಷೆಗೆ ಹೋಗುತ್ತದೆ, ಉತ್ತರ ಬರುತ್ತದೆ. “ಡಿಗ್ರಿ ಇಲ್ಲ ಕಣಕ್ಕ, ಇಪ್ಪತ್ತಾರೇ ಬಂದಿರೋದು.” “ಒಂದು ತೊಟ್ಟು ನೀರು ಮುಟ್ಸಿಲ್ಲ ಕಣಣ್ಣ. ಈಗ ಕರ್ಕೊಂಡು ಬಂದಿದ್ದೀನಿ, ಮುಟ್ಟಿ ನೋಡು, ಇನ್ನೂ ಬೆಚ್ಚಗೈತೆ.” ಈ ಮಾತು ಜಗಳವಾಗುವುದೂ ಉಂಟು, ಹಾಲು ವಾಪಸ್ಸಾಗುವುದೂ ಉಂಟು. ಆದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಆಕೆ ಸಾಕ್ಷಿಯಾಗಿ ತೋರಿಸಿದ ಆ ಬಿಸಿಯೇ ಡಿಗ್ರಿ ಇಳಿಯಲು ಕಾರಣವೂ ಆಗಿರಬಹುದು.

ಇಲ್ಲಿ ಡಿಗ್ರಿ ಎಂದರೆ ಶಾಖವಲ್ಲ, ಸಾಂದ್ರತೆ. ಒಂದು ಮಿಲಿಲೀಟರ್ ನೀರು ಹೆಚ್ಚುಕಡಿಮೆ 1 ಗ್ರಾಂ ತೂಗಿದರೆ ಹಾಲು 1.026ರಿಂದ 1.032 ಗ್ರಾಂ ತೂಗುತ್ತದೆ. ಇದನ್ನು ಅಳೆಯಲು ಹಾಲಿನಲ್ಲಿ ತೇಲಿಬಿಡುವ ಗಾಜಿನ ಕೊಳವೆ, ಅಂದರೆ ಲ್ಯಾಕ್ಟೋಮೀಟರಿನಲ್ಲಿ ದಶಾಂಶದ ಕೊನೆಯ ಎರಡು ಅಂಕಿ ಮಾತ್ರ ಬರೆದಿರುತ್ತಾರೆ. 1.028 ಇದ್ದರೆ 28. ಅಂದರೆ ರೈತರ ಇಡೀ ದುಡಿಮೆಯ ಬೆಲೆ ದಶಾಂಶದ ಮೂರನೇ ಸ್ಥಾನದಲ್ಲಿ ನಿರ್ಧಾರವಾಗುತ್ತದೆ. ಪ್ರಯೋಗಾಲಯದಲ್ಲಿ ಸಾಂದ್ರತಾ ಬಾಟಲಿ ಹಿಡಿದು ಕೆಲಸ ಮಾಡಿದವರಿಗೆ ಆ ಮೂರನೇ ಸ್ಥಾನ ಎಷ್ಟು ಎಚ್ಚರ ಬೇಡುತ್ತದೆಂದು ಗೊತ್ತು.

ದ್ರವದಲ್ಲಿ ಕೊಳವೆ ತೇಲಿಸಿ ಸಾಂದ್ರತೆ ಅಳೆಯುವುದು ಹಳೆಯ ವಿದ್ಯೆ. ಕ್ರಿ.ಪೂ. 3ನೇ ಶತಮಾನದಲ್ಲಿ ಆರ್ಕಿಮಿಡೀಸ್ ತೇಲುವಿಕೆಯ ನಿಯಮ ಹೇಳಿದ. ಕ್ರಿ.ಶ. 400ರ ಆಸುಪಾಸಿನಲ್ಲಿ ಸಿನೇಸಿಯಸ್ ತನ್ನ ಗುರು ಅಲೆಕ್ಸಾಂಡ್ರಿಯಾದ ಹೈಪೇಷಿಯಾಗೆ ಪತ್ರ ಬರೆದು ಇಂಥದೇ ಕೊಳವೆ ಮಾಡಿಸಿಕೊಡಲು ಕೇಳಿದ. 1768ರಲ್ಲಿ ಫ್ರಾನ್ಸಿನ ಬೋಮೆ ಅದಕ್ಕೊಂದು ಅಳತೆಪಟ್ಟಿ ಕೊಟ್ಟ. 1816ರಲ್ಲಿ ಬ್ರಿಟನ್ನು ಮದ್ಯದ ತೆರಿಗೆಗೆ ಸೈಕ್ಸ್ ಹೈಡ್ರೋಮೀಟರ್ ಎಂಬ ಸಾಂದ್ರತೆ ಅಳೆಯುವ ಸಾಧನವನ್ನು ಕಾನೂನಿನಲ್ಲೇ ಒಪ್ಪಿಕೊಂಡಿತು. ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸೈಕ್ಸ್ ಹೈಡ್ರೋಮೀಟರಿನ ಮರದ ಪೆಟ್ಟಿಗೆಯಲ್ಲಿ ತೇಲುವ ಗುಂಡಿನ ಪಕ್ಕದಲ್ಲೇ ಒಂದು ಥರ್ಮಾಮೀಟರೂ ಇರುತ್ತಿತ್ತು. ಶಾಖ ನೋಡದೆ ಸಾಂದ್ರತೆ ಓದಬಾರದೆಂಬುದು ತೆರಿಗೆ ಗುಮಾಸ್ತನಿಗೂ ಪಾಠವಾಗಿತ್ತು.

ಹಾಲಿಗೆ ಈ ಕೊಳವೆಯನ್ನು ಒಗ್ಗಿಸಿದವರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರ ಔಷಧ ತಯಾರಕ ಕ್ವೆವೆನ್ ಮುಖ್ಯನಾದವನು. ಅವನ ಹೆಸರಿನ ಲ್ಯಾಕ್ಟೋಮೀಟರ್ ಇಂದಿಗೂ ಬಳಕೆಯಲ್ಲಿದೆ. ಆದರೆ ಹಾಲು ಮದ್ಯದಷ್ಟು ಸರಳವಲ್ಲ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ, ಸರಿ. ಕೆನೆ ತೆಗೆದರೆ ಏರುತ್ತದೆ! ಜಿಡ್ಡು ನೀರಿಗಿಂತ ಹಗುರ, ಅದರ ಸಾಂದ್ರತೆ 0.93ರ ಹತ್ತಿರ. ಕೆನೆ ಪೂರ್ತಿ ತೆಗೆದ ಹಾಲು 35ಕ್ಕೆ ಏರುತ್ತದೆ. ಅಂಥ ಐದು ಲೀಟರಿಗೆ ಒಂದು ಲೀಟರ್ ನೀರು ಸೇರಿಸಿದರೆ ಲ್ಯಾಕ್ಟೋಮೀಟರ್ ಮತ್ತೆ 29 ತೋರಿಸುತ್ತದೆ, ಅಪ್ಪಟ ಹಾಲಿನ ಹಾಗೆ. ಈ ಕಳ್ಳಾಟಕ್ಕೆ ಉತ್ತರವಾಗಿ ಬಂದದ್ದೇ ಜಿಡ್ಡಿನ ಪರೀಕ್ಷೆ. 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬಾಬ್ಕಾಕ್ ತನ್ನ ವಿಧಾನ ಪ್ರಕಟಿಸಿದ, ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಅದೇ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗರ್ಬರ್ ವಿಧಾನವೂ ಬಂತು. ನಮ್ಮ ಡೈರಿಗಳಿಗೆ ತಲುಪಿದ್ದು ಗರ್ಬರ್: 10 ಎಂಎಲ್ ಗಂಧಕಾಮ್ಲ, 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೊಹಾಲ್, ಆಮೇಲೆ ಗಿರಗಿರ ತಿರುಗುವ ಯಂತ್ರ.

ಡಿಗ್ರಿಯೂ ಫ್ಯಾಟೂ (ಜಿಡ್ಡಿನ ಪ್ರಮಾಣ) ಸಿಕ್ಕ ಮೇಲೆ ಎರಡನ್ನೂ ಸೇರಿಸಿ ಮೂರನೆಯದನ್ನು ಲೆಕ್ಕ ಹಾಕುವ ಸೂತ್ರ ಬಂತು. ಡಿಗ್ರಿಯ ಕಾಲು ಭಾಗ, ಅದಕ್ಕೆ ಫ್ಯಾಟಿನ ಒಂದು ಪಾಲು, ಮೇಲೊಂದು ಸ್ಥಿರ ಸಂಖ್ಯೆ. ಹೀಗೆ ಬರುವುದೇ ಎಸ್‌ಎನ್‌ಎಫ್, ಅಂದರೆ ಜಿಡ್ಡು ಬಿಟ್ಟು ಹಾಲಿನಲ್ಲಿ ಉಳಿಯುವ ಪ್ರೋಟೀನು, ಸಕ್ಕರೆ, ಖನಿಜಗಳು. ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ಆರಂಭವಾದ ಡೈರಿ, 1974ರ ವಿಶ್ವಬ್ಯಾಂಕ್ ನೆರವಿನ ಯೋಜನೆ, 1984ರ ಹಾಲು ಮಹಾಮಂಡಲ, ಇವುಗಳ ನಡುವೆ ಹಳ್ಳಿಹಳ್ಳಿಗೂ ಸಹಕಾರ ಸಂಘ ಬಂತು. ಸಂಘದ ಜೊತೆಗೆ ಲ್ಯಾಕ್ಟೋಮೀಟರೂ ಬಂತು. ಬರೀ ಫ್ಯಾಟಿಗೆ ದರ ಕಟ್ಟಿದರೆ ಎಮ್ಮೆ ಹಾಲಿಗೆ ಲಾಭ, ಹಸುವಿನ ಹಾಲಿಗೆ ಅನ್ಯಾಯ. ಆದ್ದರಿಂದ ಎಸ್‌ಎನ್‌ಎಫ್‌ಗೂ ಬೆಲೆ ಕಟ್ಟಿದ್ದು ನ್ಯಾಯವಾದ ನಡೆಯೇ. ತೊಡಕು ಶುರುವಾದದ್ದು ಅಳತೆಯ ಜೊತೆ ಅಳತೆಯ ಶಿಸ್ತು ಬಾರದೇ ಹೋದದ್ದರಿಂದ.

ಆ ಶಿಸ್ತು ಏನೆಂದು ಸ್ವಲ್ಪ ನಿಂತು ನೋಡಬೇಕು. ಜಾಡಿ ನೆಟ್ಟಗಿರಬೇಕು, ಹಾಲು ತುಳುಕುವಷ್ಟು ತುಂಬಬೇಕು, ನೊರೆ ಉಕ್ಕಿ ಹೊರಹೋಗಬೇಕು. ಲ್ಯಾಕ್ಟೋಮೀಟರನ್ನು ಮೆಲ್ಲಗೆ ಬಿಟ್ಟು ಒಮ್ಮೆ ತಿರುಗಿಸಬೇಕು, ಅದು ಜಾಡಿಯ ಗೋಡೆಗೆ ತಾಗದೆ ನಿಲ್ಲುವವರೆಗೆ ಕಾಯಬೇಕು. ನೀರಿನಲ್ಲಾದರೆ ತಗ್ಗಿದ ಮಟ್ಟವನ್ನು ಓದುತ್ತೇವೆ. ಹಾಲಿನಲ್ಲಿ ಅದು ಕಾಣುವುದಿಲ್ಲ, ಕೊಳವೆಗೆ ಹತ್ತಿ ನಿಂತ ಮೇಲಂಚನ್ನೇ ಓದಬೇಕು. ಕೂಡಲೇ ಶಾಖವನ್ನೂ ಬರೆದುಕೊಳ್ಳಬೇಕು. ಲ್ಯಾಕ್ಟೋಮೀಟರಿನ ಮೈಮೇಲೆ ಅದು ಯಾವ ಶಾಖಕ್ಕೆ ತಯಾರಾದದ್ದೆಂದು ಬರೆದಿರುತ್ತದೆ. ಕೆಲವು 60 ಫ್ಯಾರನ್‌ಹೀಟ್, ಕೆಲವು 27 ಸೆಂಟಿಗ್ರೇಡ್. ಒಂದರ ಸೂತ್ರ ಇನ್ನೊಂದಕ್ಕೆ ಸಲ್ಲದು. ಹಾಲು ಅದಕ್ಕಿಂತ ಬಿಸಿಯಿದ್ದರೆ ಪ್ರತಿ ಸೆಂಟಿಗ್ರೇಡಿಗೆ 0.2ರಂತೆ ಕೂಡಬೇಕು, ತಣ್ಣಗಿದ್ದರೆ ಕಳೆಯಬೇಕು. ಈ ತಿದ್ದುಪಡಿಯಾದ ಮೇಲಿನ ಅಂಕಿಯನ್ನೇ ಸಿಎಲ್‌ಆರ್ ಎನ್ನುವುದು. ಹಾಲು ತೀರ ಬಿಸಿಯಿದ್ದರೆ ಈ ತಿದ್ದುಪಡಿಯೂ ಸಾಲದು.

ಈಗ ಲೆಕ್ಕ ಹಾಕಿ. 29 ಡಿಗ್ರಿಯ ಹತ್ತು ಲೀಟರ್ ಹಾಲಿನಲ್ಲಿ ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು 350 ಎಂಎಲ್ ನೀರು ಸೇರಿಸಬೇಕು. ಐದು ಸೆಂಟಿಗ್ರೇಡ್ ಬಿಸಿಯನ್ನು ತಿದ್ದದೆ ಓದಿದರೂ ಅದೇ ಒಂದು ಡಿಗ್ರಿ ಹೋಗುತ್ತದೆ. ಒಂದು ಡಿಗ್ರಿ ಎಂದರೆ ಎಸ್‌ಎನ್‌ಎಫ್‌ನಲ್ಲಿ 0.25. ಪೂರ್ತಿ ದರಕ್ಕೆ 8.5 ಬೇಕೆನ್ನುವ ಕಡೆ 8.5 ಇದ್ದದ್ದು 8.25 ಆಯಿತು. ನೀರು ಹಾಕಿದವರಿಗೂ ಹಾಕದವರಿಗೂ ಒಂದೇ ಶಿಕ್ಷೆ.

ನಾನು ಇದನ್ನು ಮನೆಯಲ್ಲೇ ಮಾಡಿ ನೋಡಿದೆ. ಕರೆದು ತಂದ ಹಾಲು 34 ಸೆಂಟಿಗ್ರೇಡ್ ಇದ್ದಾಗ ಲ್ಯಾಕ್ಟೋಮೀಟರ್ 26ರಲ್ಲಿ ನಿಂತಿತು. ಅದೇ ಪಾತ್ರೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿಟ್ಟು 28 ಸೆಂಟಿಗ್ರೇಡಿಗೆ ಇಳಿಸಿದಾಗ ಲ್ಯಾಕ್ಟೋಮೀಟರ್ 27 ದಾಟಿತ್ತು. ಹಾಲು ಅದೇ, ಹಸು ಅದೇ.

ಇನ್ನೊಂದು ಸೂಕ್ಷ್ಮವಿದೆ. ಆಗಷ್ಟೇ ಕರೆದ ಹಾಲಿನ ಸಾಂದ್ರತೆ ಮುಂದಿನ ಕೆಲವು ಗಂಟೆಗಳಲ್ಲಿ ತಾನಾಗಿ ಕೊಂಚ ಏರುತ್ತದೆ. ಗಾಳಿಗುಳ್ಳೆ ಹೊರಹೋಗುತ್ತದೆ, ಜಿಡ್ಡು ನಿಧಾನವಾಗಿ ಗಟ್ಟಿಯಾಗುತ್ತದೆ. 19ನೇ ಶತಮಾನದಲ್ಲೇ ಗುರುತಿಸಿದ ಸಂಗತಿಯಿದು. ಆದ್ದರಿಂದಲೇ ಪ್ರಯೋಗಾಲಯದಲ್ಲಿ ಹಾಲನ್ನು 40 ಸೆಂಟಿಗ್ರೇಡಿಗೆ ಬಿಸಿ ಮಾಡಿ, ಜಿಡ್ಡೆಲ್ಲ ಕರಗಿದ ಮೇಲೆ ನಿಗದಿತ ಶಾಖಕ್ಕೆ ಇಳಿಸಿ ಅಳೆಯುತ್ತಾರೆ. ನೂರು ಜನ ಸಾಲಿನಲ್ಲಿದ್ದು, ಲಾರಿ ಬರುವ ಹೊತ್ತಾಗಿರುವಾಗ ಇದೆಲ್ಲ ಆಗುವ ಮಾತಲ್ಲ. ಅದು ಪರೀಕ್ಷೆ ಮಾಡುವವರ ತಪ್ಪೂ ಅಲ್ಲ. ಆದರೆ ಬಿಟ್ಟ ಹೆಜ್ಜೆಯ ನಷ್ಟ ಪ್ರತಿ ಸಲವೂ ಹಾಲು ತಂದವರ ಪಾಲಿಗೇ ಬೀಳುತ್ತಿದೆ ಎನ್ನುವುದನ್ನು ಹೇಳಲೇಬೇಕು. ಬಿಸಿ ಹಾಲು ಯಾವತ್ತೂ ಡಿಗ್ರಿ ಹೆಚ್ಚು ತೋರಿಸುವುದಿಲ್ಲ.

ಈಗ ಹೆಚ್ಚಿನ ಕಡೆ ಗಾಜಿನ ಕೊಳವೆ ಬೀರು ಸೇರಿದೆ, ಮೇಜಿನ ಮೇಲೆ ಯಂತ್ರ ಕೂತಿದೆ. ಶ್ರವಣಾತೀತ ಧ್ವನಿ ಹಾಲಿನಲ್ಲಿ ಎಷ್ಟು ವೇಗವಾಗಿ ಹೋಗುತ್ತದೆ ಎಂಬುದರಿಂದ ಫ್ಯಾಟು, ಎಸ್‌ಎನ್‌ಎಫ್ ಎರಡನ್ನೂ ಒಂದೆರಡು ನಿಮಿಷದೊಳಗೆ ಹೇಳಿಬಿಡುತ್ತದೆ. ಅನುಕೂಲವೇನೋ ದೊಡ್ಡದು, ಶಾಖದ ಲೆಕ್ಕವನ್ನೂ ತಾನೇ ನೋಡಿಕೊಳ್ಳುತ್ತದೆ. ಆದರೆ ಇಂಥ ಯಂತ್ರ ಚೀಟಿಯ ಮೇಲೆ ಅಚ್ಚು ಹಾಕುವ ಡಿಗ್ರಿ ತೇಲಿಸಿ ನೋಡಿದ್ದಲ್ಲ, ಲೆಕ್ಕ ಹಾಕಿದ್ದು. ಹಾಲಿನಲ್ಲಿ ಗಾಳಿಗುಳ್ಳೆ ಇದ್ದರೆ, ಹಿಂದಿನ ಹಾಲಿನ ಪಸೆ ಒಳಗೆ ಕಟ್ಟಿದ್ದರೆ, ಹಸುವಿನ ಹಾಲಿಗೆ ಎಮ್ಮೆಯ ಸೆಟ್ಟಿಂಗ್ ಇದ್ದರೆ ಅಂಕಿ ತಪ್ಪುತ್ತದೆ. ಯಂತ್ರವನ್ನು ಆಗಾಗ ಪ್ರಯೋಗಾಲಯದ ಅಳತೆಯೊಂದಿಗೆ ಹೋಲಿಸಿ ಸರಿಮಾಡಬೇಕು. ಕೊನೆಯ ಸಲ ಸರಿಮಾಡಿದ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡುವುದು ದೊಡ್ಡ ಕೆಲಸವೇನಲ್ಲ.

ಶಾಖ, ಯಂತ್ರ ಎಲ್ಲ ಸರಿಯಿದ್ದೂ, ನೀರು ಬೆರೆಸದೆಯೂ ಡಿಗ್ರಿ ಕಡಿಮೆ ಬರುತ್ತಿದ್ದರೆ ಆಗ ಕೊಟ್ಟಿಗೆ ಕಡೆ ನೋಡಬೇಕು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸುವಿನ ಹಾಲು ಜೆರ್ಸಿಗಿಂತ ತೆಳು. ಬೇಸಿಗೆಯಲ್ಲಿ ಹಸು ಮೇವು ಬಿಟ್ಟರೆ ಎಸ್‌ಎನ್‌ಎಫ್ ಇನ್ನೂ ಇಳಿಯುತ್ತದೆ. ಎಲ್ಲಕ್ಕಿಂತ ಮೋಸ ಮಾಡುವುದು ಹೊರಗೆ ಕಾಣದ ಕೆಚ್ಚಲುಬಾವು. ಹಾಲು ಒಡೆದಿರುವುದಿಲ್ಲ, ಕೆಚ್ಚಲು ಊದಿರುವುದಿಲ್ಲ, ಒಳಗೆ ಹಾಲಿನ ಸಕ್ಕರೆ ಮಾತ್ರ ಕಡಿಮೆಯಾಗಿರುತ್ತದೆ. ವಾರವಿಡೀ 26 ತೋರಿಸುವ ಹಸುವಿನ ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಹಿಡಿದು ಪಶುವೈದ್ಯರ ಕೈಲಿ ಒಮ್ಮೆ ಪರೀಕ್ಷೆ ಮಾಡಿಸಬೇಕು.