ಬಟರ್‌ಫ್ರೂಟ್‌ಗೆ ಸಕ್ಕರೆ ಸಾಕು, ಇನ್ನು ಉಪ್ಪು ಖಾರ ಹಾಕಿ

ತುಮಕೂರಿನ ಜ್ಯೂಸ್ ಅಂಗಡಿಗಳಲ್ಲಿ ಬಟರ್‌ಫ್ರೂಟ್ ಅಂದರೆ ಹಾಲು, ಸಕ್ಕರೆ ಹಾಕಿ ತಿರುಗಿಸಿದ ಗಟ್ಟಿ ಜ್ಯೂಸ್, ಅಷ್ಟೇ. ಅಡುಗೆಯವಳಾಗಿ ನನಗೆ ಇದು ನಿಜಕ್ಕೂ ಬೇಸರ. ಈ ಹಣ್ಣಿನಲ್ಲಿ ಸಿಹಿಯೂ ಇಲ್ಲ, ಹುಳಿಯೂ ಇಲ್ಲ, ಇರುವುದು ಜಿಡ್ಡು. ಹಾಸ್ ತಳಿಯ 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು ಇರುತ್ತದೆ. ಹಾಗಾಗಿ ನಾನು ಇದನ್ನು ಬೆಣ್ಣೆ, ತೆಂಗಿನಕಾಯಿಯ ಜಾಗದಲ್ಲಿ ಬಳಸುತ್ತೇನೆ. ಅವುಗಳ ಜೊತೆಗಲ್ಲ, ಅವುಗಳ ಬದಲಿಗೆ.

ಮೊದಲು ಚಟ್ನಿ. ತಿಪಟೂರಿನ ತೆಂಗು ಇರುವ ಜಿಲ್ಲೆಯಲ್ಲಿ ಕಾಯಿ ಹಾಕದೆ ಚಟ್ನಿ ಮಾಡಿ ಅಂದರೆ ಕೆಲವರು ಒಪ್ಪುವುದಿಲ್ಲ, ಗೊತ್ತು. ಆದರೂ ಒಮ್ಮೆ ಮಾಡಿ ನೋಡಿ. ಹಸಿಮೆಣಸಿನಕಾಯಿ ಹುರಿದುಕೊಂಡು, ಕೊತ್ತಂಬರಿ ಸೊಪ್ಪು, ಒಂದು ಚಮಚ ಹುರಿಗಡಲೆ, ಉಪ್ಪು ಸೇರಿಸಿ ರುಬ್ಬಿ. ಹಣ್ಣನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ, ಬಟ್ಟಲಲ್ಲಿ ಕೈಯಿಂದಲೇ ಕಿವುಚಿ, ನಿಂಬೆರಸ ಹಿಂಡಿ, ರುಬ್ಬಿದ್ದನ್ನು ಕಲಸಿ. ಸಾಸಿವೆ ಕರಿಬೇವಿನ ಒಗ್ಗರಣೆ ಆರಿದ ಮೇಲೆ ಹಾಕಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಇಡುತ್ತಾರಲ್ವಾ, ಅಲ್ಲಿ ಇದನ್ನು ಸವರಿ ಕೊಟ್ಟರೆ ಮಕ್ಕಳೂ ಇನ್ನೊಂದು ಕೇಳುತ್ತಾರೆ.

ಒಗ್ಗರಣೆ ಆರಬೇಕು ಅಂದೆ, ಕಾರಣ ಇದೆ. ಈ ಹಣ್ಣನ್ನು ಜಾಸ್ತಿ ಹೊತ್ತು ಬೇಯಿಸಿದರೆ ಕಹಿಯಾಗುತ್ತದೆ. ಸಾರು, ಪಲ್ಯ ಏನೇ ಇರಲಿ, ಒಲೆ ಆರಿಸಿದ ಮೇಲೆ ಸೇರಿಸಿ. ಸ್ವಲ್ಪ ಗಟ್ಟಿ ಇರುವ ಹಣ್ಣಾದರೆ ದಪ್ಪ ಹೋಳು ಮಾಡಿ, ಕಾದ ಹೆಂಚಿನ ಮೇಲೆ ಒಂದೊಂದು ಬದಿ ಅರ್ಧ ನಿಮಿಷ ಇಟ್ಟು ತೆಗೆದು, ಉಪ್ಪು, ಮೆಣಸಿನಪುಡಿ ಉದುರಿಸಿ. ಅಷ್ಟು ಬಿಸಿ ತಡೆಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ರಾಗಿ ರೊಟ್ಟಿ. ಬಿಸಿ ರೊಟ್ಟಿಗೆ ಕಿವುಚಿದ ಹಣ್ಣು ಸವರಿ, ಮೇಲೆ ಹುಚ್ಚೆಳ್ಳು ಚಟ್ನಿಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ. ರಾಗಿಯ ಒರಟುತನಕ್ಕೆ ಈ ನುಣುಪು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ ತುಪ್ಪ ನೆನಪಾಗುವುದೇ ಇಲ್ಲ. ಹೆಸರುಬೇಳೆ ಕೋಸಂಬರಿಗೂ ಹೋಳು ಹಾಕಬಹುದು, ಅದರಲ್ಲಿ ಕ್ಯಾರೆಟ್ ತುರಿ ಇದ್ದರೆ ಇನ್ನೂ ಒಳ್ಳೆಯದು, ಕ್ಯಾರೆಟ್‌ನ ಕ್ಯಾರೋಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ಚಪಾತಿ ಹಿಟ್ಟಿಗೆ ಎಣ್ಣೆ ಬದಲು ಅರ್ಧ ಹಣ್ಣು ಕಲಸಿದರೆ ಚಪಾತಿ ಮೆತ್ತಗಾಗುತ್ತದೆ.

ಹಣ್ಣು ಆರಿಸುವಾಗ ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತಿ, ಸ್ವಲ್ಪ ತಗ್ಗಿದರೆ ಅವತ್ತೇ ಬಳಸಬಹುದು. ಇದು ಮರದಲ್ಲಿ ಮಾಗುವುದಿಲ್ಲ, ಕಿತ್ತ ಮೇಲೆಯೇ ಮಾಗುವುದು. ಕಲ್ಲಿನಂತಿದ್ದರೆ ಬಾಳೆಹಣ್ಣಿನ ಜೊತೆ ಪೇಪರ್‌ನಲ್ಲಿ ಸುತ್ತಿಡಿ, ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಬೇಗ ಮಾಗುತ್ತದೆ. ಕಾಯನ್ನು ಫ್ರಿಜ್‌ನಲ್ಲಿಟ್ಟರೆ ಸುಮ್ನೆ ಹಾಗೇ ಕೂರುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಮಳೆಗಾಲದಲ್ಲಿ ಬರುವ ದೊಡ್ಡ ಹಣ್ಣಿನಲ್ಲಿ ಎಷ್ಟೋ ಸಲ ನೀರಿನಂಶ ಜಾಸ್ತಿ, ಅಂಥದ್ದು ಮೊಸರು ಬಜ್ಜಿಗೆ ಸರಿ. ಹೊರಗಿನಿಂದ ಬರುವ ಹಾಸ್‌ಗೆ ದುಬಾರಿ ಬೆಲೆ ಕೊಡಲೇಬೇಕು ಅಂತೇನಿಲ್ಲ.

ತಟ್ಟೆ ಹಾಕಿದ ಮೇಲೆ ಹೆಚ್ಚಿ. ಗಾಳಿ ತಾಗಿದರೆ ಕಪ್ಪಾಗುತ್ತದೆ, ನಿಂಬೆರಸ ಅದನ್ನು ತಡ ಮಾಡುತ್ತದೆ ಅಷ್ಟೇ, ನಿಲ್ಲಿಸುವುದಿಲ್ಲ. ಅರ್ಧ ಉಳಿದರೆ ನಿಂಬೆರಸ ಸವರಿ, ಗಾಳಿ ಹೋಗದಂತೆ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮಾರನೇ ದಿನದ ಚಪಾತಿ ಹಿಟ್ಟಿಗೆ ಹಾಕಿ.