ಮ್ಯಾನ್ಯುವಲ್ ಮೋಡ್: ಕ್ಲಚ್ ಪೆಡಲ್ ಇಲ್ಲದ ಸ್ಪೋರ್ಟ್ಸ್ ಕಾರಿನಲ್ಲಿ ಗೇರ್ ಬದಲಿಸುವುದೆಂದರೆ

ಕಾರುಗಳ ವಿಷಯದಲ್ಲಿ ‘ಮ್ಯಾನ್ಯುವಲ್’ ಎಂಬ ಪದ ಈಗ ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಕಾಲಿನಿಂದ ಕ್ಲಚ್ ಒತ್ತಿ, ಕೈಯಿಂದ ಲಿವರ್ ಸರಿಸಿ ಗೇರ್ ಹಾಕುವ ವ್ಯವಸ್ಥೆಗೆ ಮ್ಯಾನ್ಯುವಲ್ ಗೇರ್‌ಬಾಕ್ಸ್ ಎನ್ನುತ್ತೇವೆ. ಮ್ಯಾನ್ಯುವಲ್ ಮೋಡ್ ಹಾಗಲ್ಲ. ಕ್ಲಚ್ ಪೆಡಲೇ ಇಲ್ಲದ, ತಾನಾಗಿಯೇ ಗೇರ್ ಬದಲಿಸಿಕೊಳ್ಳಬಲ್ಲ ಕಾರಿನಲ್ಲಿ, ಯಾವಾಗ ಯಾವ ಗೇರ್ ಬೇಕೆಂಬುದನ್ನು ಚಾಲಕನೇ ಸೂಚಿಸುವ ಸ್ಥಿತಿಗೆ ಆ ಹೆಸರು. ಕ್ಲಚ್ ಬಿಡಿಸುವುದು, ಹಲ್ಲುಗಳನ್ನು ಹೊಂದಿಸುವುದು, ಮತ್ತೆ ಕ್ಲಚ್ ಹಿಡಿಸುವುದು ಎಲ್ಲವೂ ಯಂತ್ರದ ಕೆಲಸವಾಗಿಯೇ ಉಳಿಯುತ್ತವೆ. ಚಾಲಕನಿಗೆ ದಕ್ಕುವುದು ತೀರ್ಮಾನ ಮಾತ್ರ. ನಮ್ಮ ರಸ್ತೆಗಳಲ್ಲಿ ಓಡಾಡುವ ಸಾಧಾರಣ ಎಎಂಟಿ (ಮ್ಯಾನ್ಯುವಲ್ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವ) ಕಾರುಗಳ ಲಿವರ್ ಪಕ್ಕದಲ್ಲೂ ‘ಎಂ’ ಅಕ್ಷರ ಮತ್ತು ಕೂಡು–ಕಳೆ ಚಿಹ್ನೆಗಳು ಇರುತ್ತವೆ. ಅವನ್ನು ಒಮ್ಮೆಯೂ ಮುಟ್ಟದೆ ವರ್ಷಗಟ್ಟಲೆ ಕಾರು ಓಡಿಸಿದವರನ್ನು ನಾನು ಬಲ್ಲೆ, ಅವರಿಗೆ ಅದರಿಂದ ಯಾವ ನಷ್ಟವೂ ಆಗಿಲ್ಲ. ಶಕ್ತಿಯುತವಾದ ಸ್ಪೋರ್ಟ್ಸ್ ಕಾರಿನಲ್ಲಿ ಮಾತ್ರ ಆ ಚಿಹ್ನೆಗಳಿಗೆ ನಿಜವಾದ ತೂಕ ಬರುತ್ತದೆ.

ಈ ಕಲ್ಪನೆ ರೂಪುಗೊಂಡದ್ದು 1980ರ ದಶಕದ ಕೊನೆಯಲ್ಲಿ. ಜಾನ್ ಬರ್ನಾರ್ಡ್ ವಿನ್ಯಾಸಗೊಳಿಸಿದ ಫೆರಾರಿ 640 ಎಂಬ ಫಾರ್ಮುಲಾ ಒನ್ ಕಾರಿನಲ್ಲಿ ಸ್ಟಿಯರಿಂಗ್ ಚಕ್ರದ ಹಿಂದೆ ಗೇರ್ ಬದಲಿಸುವ ಎರಡು ಪಟ್ಟಿಗಳಿದ್ದವು. ಇಂದು ಪ್ಯಾಡಲ್ ಎಂದು ಎಲ್ಲರೂ ಕರೆಯುವುದು ಅವನ್ನೇ. 1989ರ ಬ್ರೆಜಿಲ್ ಗ್ರ್ಯಾನ್ ಪ್ರೀಯಲ್ಲಿ ನೈಜೆಲ್ ಮ್ಯಾನ್ಸೆಲ್ ಆ ಕಾರನ್ನು ಅದರ ಮೊದಲ ಸ್ಪರ್ಧೆಯಲ್ಲೇ ಗೆಲ್ಲಿಸಿದರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಪೋರ್ಷೆ ಕಂಪನಿ ತನ್ನ 911 ಕಾರಿಗೆ ಟಿಪ್ಟ್ರಾನಿಕ್ ಎಂಬ ನಾಲ್ಕು ಗೇರ್‌ಗಳ ಆಟೊಮ್ಯಾಟಿಕ್ ಅಳವಡಿಸಿತು. ಅದರ ಲಿವರನ್ನು ಪಕ್ಕದ ಸಾಲಿಗೆ ಸರಿಸಿ, ಮುಂದಕ್ಕೆ ತಟ್ಟಿದರೆ ಗೇರ್ ಏರುತ್ತಿತ್ತು, ಹಿಂದಕ್ಕೆ ತಟ್ಟಿದರೆ ಇಳಿಯುತ್ತಿತ್ತು. ಆದರೆ ಒಳಗಿದ್ದದ್ದು ಎಂಜಿನ್ನಿನ ಬಲವನ್ನು ದ್ರವದ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್. ಅಪ್ಪಣೆಗೂ ಫಲಕ್ಕೂ ನಡುವೆ ಒಂದಿಷ್ಟು ತಡ ಉಳಿದೇ ಇತ್ತು.

ಆ ತಡವನ್ನು ಕಳೆದದ್ದು ಜೋಡಿ ಕ್ಲಚ್‌ನ ಗೇರ್‌ಬಾಕ್ಸ್. 2008ರಲ್ಲಿ ಪರಿಷ್ಕರಿಸಿದ 911ಕ್ಕೆ ಬಂದ, ಪಿಡಿಕೆ ಎಂಬ ಹೆಸರಿನ ಏಳು ಗೇರ್‌ಗಳ ಪೆಟ್ಟಿಗೆ ಇದಕ್ಕೆ ಒಳ್ಳೆಯ ಉದಾಹರಣೆ. ಇದರಲ್ಲಿ ಬೆಸ ಸಂಖ್ಯೆಯ ಗೇರ್‌ಗಳಿಗೆ ಒಂದು ಕ್ಲಚ್, ಸರಿ ಸಂಖ್ಯೆಯ ಗೇರ್‌ಗಳಿಗೆ ಇನ್ನೊಂದು. ಮೂರನೆಯ ಗೇರ್‌ನಲ್ಲಿ ವೇಗ ಹೆಚ್ಚುತ್ತಿರುವಾಗಲೇ ನಾಲ್ಕನೆಯದು ಮತ್ತೊಂದು ಶಾಫ್ಟಿನ ಮೇಲೆ ಸಿದ್ಧವಾಗಿ ಕೂತಿರುತ್ತದೆ. ಪ್ಯಾಡಲ್ ಎಳೆದೊಡನೆ ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿಯುತ್ತದೆ. ಮುಂದಿನ ಗೇರ್ ಯಾವುದೆಂಬ ಯಂತ್ರದ ಊಹೆ ತಪ್ಪಿದಾಗ ಮಾತ್ರ ಕೊಂಚ ತಡ. ವೇಗ ಹೆಚ್ಚುತ್ತಿದೆಯೆಂದು ಅದು ನಾಲ್ಕನ್ನು ಸಿದ್ಧಪಡಿಸಿಟ್ಟಾಗ ಚಾಲಕ ಥಟ್ಟನೆ ಎರಡನೆಯದನ್ನು ಕೇಳಿದರೆ, ಮೊದಲು ನಾಲ್ಕನ್ನು ಬಿಡಿಸಿ ಆಮೇಲೆ ಎರಡನ್ನು ಹಿಡಿಸಬೇಕಾಗುತ್ತದೆ.

ಹಾಗಾದರೆ ಯಂತ್ರವೇ ಇಷ್ಟು ಚುರುಕಾಗಿರುವಾಗ ಚಾಲಕ ಅದರಲ್ಲಿ ಕೈಹಾಕುವುದೇಕೆ? ಸ್ವಲ್ಪ ಲೆಕ್ಕ ಮಾಡಿದರೆ ಉತ್ತರ ಸಿಗುತ್ತದೆ. ಗೇರ್‌ನ ಅನುಪಾತವೆಂದರೆ ಗೇರ್‌ಬಾಕ್ಸಿನಿಂದ ಹೊರಡುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ತಿರುಗಬೇಕಾದ ಸುತ್ತುಗಳು. ಆ 911ರ ಏಳನೆಯ ಗೇರ್‌ನ ಅನುಪಾತ 0.62, ಮೂರನೆಯದರದು 1.65, ಎರಡನೆಯದರದು 2.29, ಮೊದಲನೆಯದರದು 3.91, ಇವೆಲ್ಲಕ್ಕೂ ಹಿಂದಿನ ಆಕ್ಸಲ್‌ನ ಅನುಪಾತವಾದ 3.44ರ ಗುಣಾಕಾರವೂ ಸೇರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, ಹಿಂದಿನ ಟೈರಿನ ಸುತ್ತಳತೆ ಸುಮಾರು 2.1 ಮೀಟರ್ ಎಂದು ಹಿಡಿದರೆ, ಏಳನೆಯ ಗೇರ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1,700 ಸುತ್ತು ತಿರುಗುತ್ತದೆ. ಅದೇ ವೇಗಕ್ಕೆ ಮೂರನೆಯದರಲ್ಲಿ ಸುಮಾರು 4,500, ಎರಡನೆಯದರಲ್ಲಿ 6,300 ಸುತ್ತು. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದರೆ ‘ಡಿ’ ಸ್ಥಿತಿಯಲ್ಲಿರುವ, ಅಂದರೆ ಗೇರನ್ನು ತಾನೇ ಆರಿಸಿಕೊಳ್ಳುವ ಕಾರು ಪೆಟ್ರೋಲ್ ಉಳಿಸಲೆಂದು ಏಳನ್ನೇ ಆರಿಸುತ್ತದೆ, ಅದು ತಪ್ಪೂ ಅಲ್ಲ. ಆದರೆ ಮುಂದಿನ ಲಾರಿಯನ್ನು ಹಿಂದಿಕ್ಕಬೇಕೆಂದು ಚಾಲಕ ಮನಸ್ಸಿನಲ್ಲಿ ನಿರ್ಧರಿಸಿದ್ದು ಕಾರಿಗೆ ತಿಳಿಯುವುದು ಅವನು ಕಾಲನ್ನು ಒತ್ತಿದ ಮೇಲೆಯೇ. ಹಿಂದಿಕ್ಕುವುದಕ್ಕೆ ಮುಂಚೆಯೇ ಮೂರಕ್ಕೆ ಇಳಿಸಿ ಕಾದಿದ್ದರೆ, ಎದುರಿನ ರಸ್ತೆ ಖಾಲಿಯಾದ ಗಳಿಗೆಯಲ್ಲಿ ಪಿಕಪ್ ಕೈಯಲ್ಲೇ ಇರುತ್ತದೆ.

ಆಟೊಮ್ಯಾಟಿಕ್ ಮೋಡ್‌ನ ಇತಿಮಿತಿ ಇರುವುದು ಇಲ್ಲಿಯೇ. ಕಾಲಿನ ಒತ್ತಡ, ಚಕ್ರಗಳ ವೇಗ, ಬ್ರೇಕಿನ ಬಿಗಿ, ಕಾರು ಪಕ್ಕಕ್ಕೆ ವಾಲುವ ಪ್ರಮಾಣ ಮುಂತಾದವನ್ನು ಅಳೆದು ಅದು ತೀರ್ಮಾನಿಸುತ್ತದೆ. ಅವೆಲ್ಲವೂ ಆಗಿಹೋದದ್ದರ ಅಥವಾ ಆಗುತ್ತಿರುವುದರ ಸುದ್ದಿ. ತಿರುವಿನಾಚೆ ಏರು ಇದೆಯೇ, ಇಳಿಜಾರಿದೆಯೇ ಎಂಬುದನ್ನು ನೋಡುವ ಕಣ್ಣು ಚಾಲಕನದು. 2013ರಲ್ಲಿ ರೋಲ್ಸ್ ರಾಯ್ಸ್ ಕಂಪನಿ ತನ್ನ ರೇಥ್ ಕಾರಿನಲ್ಲಿ ಉಪಗ್ರಹದ ಮಾಹಿತಿ ಬಳಸಿ ಮುಂದಿನ ರಸ್ತೆಗೆ ತಕ್ಕ ಗೇರ್ ಹಿಡಿಯುವ ಏರ್ಪಾಡು ಮಾಡಿದ್ದು ಈ ಕೊರತೆಯನ್ನು ನೀಗಲೆಂದೇ. ಆದರೂ ನಕ್ಷೆಗೆ ತಿರುವು ಗೊತ್ತಿದ್ದ ಮಾತ್ರಕ್ಕೆ ಆ ತಿರುವಿನಲ್ಲಿ ಚೆಲ್ಲಿರುವ ಮರಳು ಗೊತ್ತಿರುವುದಿಲ್ಲ.

ಮ್ಯಾನ್ಯುವಲ್ ಮೋಡ್ ಎಂದರೆ ಎಂಜಿನ್ನನ್ನು ಮೊರೆಯಿಸುವುದು ಎಂಬ ತಿಳಿವಳಿಕೆ ಸಾಮಾನ್ಯ. ನನ್ನ ಮಟ್ಟಿಗೆ ಅದರ ಹೆಚ್ಚಿನ ಬೆಲೆ ಇರುವುದು ಇದಕ್ಕೆ ತದ್ವಿರುದ್ಧವಾದ ಬಳಕೆಯಲ್ಲಿ, ಅಂದರೆ ಬೇಕೆಂದೇ ಮೇಲಿನ ಗೇರ್‌ನಲ್ಲಿ ಉಳಿಯುವುದರಲ್ಲಿ. 3.6 ಲೀಟರಿನ ಆ 911ರ ಎಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 390 ನ್ಯೂಟನ್ ಮೀಟರ್. ನಷ್ಟಗಳನ್ನು ಬದಿಗಿಟ್ಟು ನೋಡಿದರೆ, ಎರಡನೆಯ ಗೇರ್‌ನಲ್ಲಿ ಅದು ಹಿಂದಿನ ಚಕ್ರಗಳನ್ನು ಮುಟ್ಟುವ ಹೊತ್ತಿಗೆ 3,000 ದಾಟಿರುತ್ತದೆ, 1.30 ಅನುಪಾತದ ನಾಲ್ಕನೆಯದರಲ್ಲಿ ಸುಮಾರು 1,750ಕ್ಕೆ ಇಳಿಯುತ್ತದೆ. ಮಳೆಯಲ್ಲಿ ತೊಯ್ದ ತಿರುವಿನ ನಡುವೆ ಆಕ್ಸಿಲರೇಟರನ್ನು ಕೊಂಚ ಹೆಚ್ಚು ಒತ್ತಿದಾಗ ಆಟೊಮ್ಯಾಟಿಕ್ ಅದನ್ನು ಆತುರವೆಂದು ಭಾವಿಸಿ ಎರಡು ಗೇರ್ ಇಳಿಸಿಬಿಟ್ಟರೆ, ಹಿಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳಬಹುದು. ನಾಲ್ಕರಲ್ಲಿ ನಿಲ್ಲಿಸಿಟ್ಟರೆ ಕಾಲಿನ ಸಣ್ಣ ತಪ್ಪನ್ನು ಕಾರು ಮನ್ನಿಸುತ್ತದೆ.

ಅಪ್ಪಣೆ ಚಾಲಕನದಾದರೂ ಅಂತಿಮ ಅಧಿಕಾರ ಪೂರ್ತಿಯಾಗಿ ಅವನದಲ್ಲ. ಮೇಲೆ ಹೇಳಿದ 100 ಕಿಲೋಮೀಟರ್ ವೇಗದಲ್ಲಿ ಮೊದಲನೆಯ ಗೇರ್ ಬಿದ್ದರೆ ಎಂಜಿನ್ ನಿಮಿಷಕ್ಕೆ 10,700 ಸುತ್ತು ತಿರುಗಬೇಕಾಗುತ್ತದೆ, ಆದರೆ ಅದರ ಕೆಂಪು ಗೆರೆ, ಅಂದರೆ ಎಂಜಿನ್ ದಾಟಬಾರದ ಸುತ್ತುಗಳ ಮಿತಿ, ಇರುವುದು 7,500ರ ಹತ್ತಿರ. ಕ್ಲಚ್ ಪೆಡಲ್ ಇರುವ ಕಾರಿನಲ್ಲಿ ಇಂಥ ತಪ್ಪು ಗೇರ್ ಹಾಕಿ ಎಂಜಿನ್ ಹಾಳುಮಾಡಿಕೊಳ್ಳಲು ಅವಕಾಶವಿದೆ. ಪಿಡಿಕೆ ಅಂಥ ಕೋರಿಕೆಯನ್ನು ಸುಮ್ಮನೆ ತಳ್ಳಿಹಾಕುತ್ತದೆ. ನಿಲ್ಲುವಷ್ಟು ನಿಧಾನವಾದಾಗಲೂ ಅದು ಕೇಳದೆಯೇ ಕೆಳಗಿನ ಗೇರ್‌ಗೆ ಬರುತ್ತದೆ. ಕೆಂಪು ಗೆರೆ ಮುಟ್ಟಿದಾಗಿನ ನಡೆ ಮಾತ್ರ ಎಲ್ಲ ಕಾರುಗಳಲ್ಲಿ ಒಂದೇ ಅಲ್ಲ: ಕೆಲವು ತಾವೇ ಗೇರ್ ಏರಿಸುತ್ತವೆ, ಕೆಲವು ಚಾಲಕ ಹೇಳುವವರೆಗೆ ಅಲ್ಲೇ ತಡವರಿಸುತ್ತಾ ನಿಲ್ಲುತ್ತವೆ.

ಲಿವರ್ ಬಳಸುವವರಿಗೆ ದಿಕ್ಕಿನದೂ ಒಂದು ಗೊಂದಲ. ಬ್ರೇಕ್ ಹಿಡಿದಾಗ ಮೈ ಮುಂದಕ್ಕೆ ವಾಲುವುದರಿಂದ ಗೇರ್ ಇಳಿಸಲು ಮುಂದಕ್ಕೆ ತಳ್ಳುವುದೇ ಸಹಜವೆಂಬುದು ರೇಸಿನವರ ವಾದ. ಬಿಎಂಡಬ್ಲ್ಯು ಅದನ್ನೇ ಪಾಲಿಸುತ್ತದೆ. ಪೋರ್ಷೆ ಬಹುಕಾಲ ಇದಕ್ಕೆ ತಿರುಗುಮುರುಗಾಗಿತ್ತು. ಬಲಗೈಯ ಪ್ಯಾಡಲ್ ಏರಿಸುವುದಕ್ಕೆ, ಎಡಗೈಯದು ಇಳಿಸುವುದಕ್ಕೆ ಎಂಬ ಕ್ರಮದಲ್ಲಿ ಇಂಥ ತಕರಾರಿಲ್ಲ.

‘ಡಿ’ಯಲ್ಲೇ ಇದ್ದು ಪ್ಯಾಡಲ್ ಎಳೆಯುವ ನಡುದಾರಿಯೂ ಉಂಟು. ಆಗ ಕಾರು ತಾತ್ಕಾಲಿಕವಾಗಿ ಮಾತು ಕೇಳಿ, ಸ್ವಲ್ಪ ಹೊತ್ತು ಮತ್ತೇನೂ ಅಪ್ಪಣೆ ಬಾರದಿದ್ದರೆ ತನ್ನ ಲೆಕ್ಕಕ್ಕೆ ಮರಳುತ್ತದೆ. ಹಿಂದಿಕ್ಕುವುದಕ್ಕೆ ಇಷ್ಟು ಸಾಕು. ಚಾರ್ಮಾಡಿಯಂಥ ಘಟ್ಟ ಇಳಿಯುವಾಗ ಮಾತ್ರ ಇದನ್ನು ನೆಚ್ಚುವುದು ಸರಿಯಲ್ಲ; ಎಂಜಿನ್ನಿನ ತಡೆಯನ್ನು ನಂಬಿ ತಿರುವಿನತ್ತ ಸಾಗುತ್ತಿರುವಾಗ ಕಾರು ತಾನಾಗಿ ಗೇರ್ ಏರಿಸಿಕೊಂಡರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಲಿವರನ್ನು ‘ಎಂ’ಗೆ ಸರಿಸಿ, ಎರಡೋ ಮೂರೋ ಹಿಡಿದು, ಕೆಳಗಿನ ಸಮತಟ್ಟು ಸಿಗುವವರೆಗೆ ಹಾಗೆಯೇ ಬಿಡಬೇಕು.