ಪದ ಪರಿಚಯ: ಕೋಳಿಯ ಜಂತು ನಿವಾರಣೆ

ಕೋಳಿಯ ಕರುಳಿನಲ್ಲಿ ಬೆಳೆದ ಹುಳಗಳನ್ನು ಔಷಧ ಕೊಟ್ಟು ಕೊಲ್ಲುವುದು ಅಥವಾ ಹೊರಹಾಕುವುದು ಜಂತು ನಿವಾರಣೆ. ಪಶುವೈದ್ಯರು ಇದನ್ನು ಡೀವರ್ಮಿಂಗ್ ಅನ್ನುತ್ತಾರೆ. ಧಾರವಾಡ, ಹಾವೇರಿ ಕಡೆ ಹಿತ್ತಲಲ್ಲಿ ನಾಲ್ಕು ಜವಾರಿ ಕೋಳಿ ಸಾಕಿದವರಿಗೆ ಅದು ‘ಹುಳದ ಔಷಧ ಹಾಕೂದು’. ಹಾಕಿದೆವು, ಹುಳ ಹೋದವು ಎಂದುಕೊಂಡು ಎಷ್ಟೋ ಮಂದಿ ಅಲ್ಲಿಗೇ ಬಿಡುತ್ತಾರೆ. ಆದರೆ ಔಷಧ ಮುಟ್ಟುವುದು ಕೋಳಿಯ ಹೊಟ್ಟೆಯೊಳಗಿನ ಹುಳವನ್ನು ಮಾತ್ರ. ಆ ಹುಳಗಳು ಇಟ್ಟ ಮೊಟ್ಟೆಗಳು ಅಂಗಳದ ಮಣ್ಣಿನಲ್ಲಿ ಹಾಗೇ ಕುಳಿತಿರುತ್ತವೆ. ಹೊಟ್ಟೆ ಮತ್ತು ನೆಲ ಎರಡನ್ನೂ ಸೇರಿಸಿ ನೋಡಿದಾಗಲೇ ಈ ಪದಕ್ಕೆ ಪೂರ್ತಿ ಅರ್ಥ.

ಕೋಳಿ ಕೊಯ್ದು ಕರುಳು ಸೀಳಿದವರು ನೋಡಿರುತ್ತಾರೆ: ಬೇಯಿಸಿದ ಶಾವಿಗೆಯಂಥ ಬಿಳಿ ಹುಳಗಳು, ಕೆಲವು ಇನ್ನೂ ಮಿಸುಕಾಡುತ್ತಿರುತ್ತವೆ. ಇದು ದುಂಡುಹುಳ, ಶಾಸ್ತ್ರದ ಹೆಸರು ಅಸ್ಕರಿಡಿಯಾ ಗ್ಯಾಲಿ. ಹೆಣ್ಣು ಹುಳ 7ರಿಂದ 12 ಸೆಂ.ಮೀ. ಬೆಳೆಯುತ್ತದೆ. ಕೋಳಿ ತಿಂದದ್ದರಲ್ಲಿ ಪಾಲು ಪಡೆಯುತ್ತ ಸಣ್ಣ ಕರುಳಿನಲ್ಲಿರುತ್ತದೆ. ವಿಪರೀತ ಹೆಚ್ಚಾದರೆ ಮರಿಗಳ ಕರುಳೇ ಕಟ್ಟಿಕೊಳ್ಳುತ್ತದೆ. ಇದರ ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಬಿದ್ದ ಕೂಡಲೇ ಅದರಿಂದ ಸೋಂಕಿಲ್ಲ. ತೇವ, ಬೆಚ್ಚಗಿನ ಹವೆ ಸಿಕ್ಕರೆ ಸುಮಾರು ಎರಡು ವಾರದಲ್ಲಿ ಅದರೊಳಗೆ ಮರಿಹುಳ ತಯಾರಾಗುತ್ತದೆ. ಆಮೇಲೆ ಅಲ್ಲಿ ಕೆದರಿದ ಕೋಳಿ ಅದನ್ನು ಕಾಳಿನ ಜೊತೆ ನುಂಗುತ್ತದೆ. 5ರಿಂದ 8 ವಾರಕ್ಕೆ ಅದರ ಹೊಟ್ಟೆಯಲ್ಲೂ ಮೊಟ್ಟೆಯಿಡುವ ಹುಳ ಸಿದ್ಧ.

ಈ ಮೊಟ್ಟೆಯ ಕವಚ ಬಲು ಗಟ್ಟಿ. ನೆರಳು, ತೇವ ಇರುವಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಕಡು ಬಿಸಿಲಿಗೆ, ಒಣ ನೆಲಕ್ಕೆ ಸೋಲುತ್ತದೆ. ಕಲಘಟಗಿ, ಹಾನಗಲ್ಲ ಕಡೆ ಮಳೆಗಾಲದಲ್ಲಿ ಹಿತ್ತಲು ಆರುವುದೇ ಅಪರೂಪ. ಗದಗ, ರೋಣದ ಎರಿ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗಿದರೂ ಒಮ್ಮೆ ನೆಂದಿತೆಂದರೆ ಬೇಗ ತೇವ ಬಿಡದು. ಆದ್ದರಿಂದ ಮಿರಗ (ಮೃಗಶಿರ ಮಳೆ) ಕೂಡುವ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಔಷಧ ತಪ್ಪಿಸಬಾರದು. ಸದಾ ಹೊರಗೆ ಅಡ್ಡಾಡುವ ಕೋಳಿಗಳಿಗೆ ಮೂರು ತಿಂಗಳಿಗೊಮ್ಮೆ ಕೊಡುವ ರೂಢಿಯೂ ಇದೆ. ಮೂರು ತಿಂಗಳ ಒಳಗಿನ ಮರಿಗಳಿಗೇ ಪೆಟ್ಟು ಹೆಚ್ಚು. ದೊಡ್ಡ ಕೋಳಿಗಳು ಒಂದಿಷ್ಟು ತಡೆದುಕೊಳ್ಳುತ್ತವೆ.

ಲಾಡಿಹುಳದ ದಾರಿ ಬೇರೆ. ಅದರ ಮೊಟ್ಟೆಯನ್ನು ಕೋಳಿ ನೇರವಾಗಿ ನುಂಗಿದರೆ ಏನೂ ಆಗದು. ಮೊದಲು ಅದು ಇರುವೆ, ಜೀರುಂಡೆ, ನೊಣ ಅಥವಾ ಬಸವನಹುಳುವಿನ ಒಳಗೆ ಹೋಗಿ ಬೆಳೆಯಬೇಕು, ಆ ಹುಳುವನ್ನು ಕೋಳಿ ಹೆಕ್ಕಿ ತಿನ್ನಬೇಕು. ತಿಪ್ಪೆ ಕೆದರುವ ಕೋಳಿಗೆ ಇದು ದಿನನಿತ್ಯದ ಊಟ! ಹಿಕ್ಕೆಯಲ್ಲಿ ಚಪ್ಪಟೆ ಬಿಳಿ ತುಣುಕುಗಳು ಕಂಡರೆ ಲಾಡಿಹುಳದ ಗುಮಾನಿ ಇಟ್ಟುಕೊಳ್ಳಿ. ಕೂದಲಿನಷ್ಟು ಸಣ್ಣ ಕ್ಯಾಪಿಲೇರಿಯಾ ಹುಳವೂ ಇದೆ, ಅದು ಬರಿಗಣ್ಣಿಗೆ ಸುಲಭವಾಗಿ ಕಾಣದು.

ಹುಳ ಇದೆಯೆಂದು ತಿಳಿಯುವುದು ಹೇಗೆ? ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡು ಎದೆಯ ನಡುವಿನ ಎಲುಬಿನ ಮೇಲೆ ಬೆರಳಾಡಿಸಿ. ಚೆನ್ನಾಗಿರುವ ಹೇಂಟೆಗೆ ಆ ಎಲುಬಿನ ಎರಡೂ ಬದಿ ಮಾಂಸ ತುಂಬಿರುತ್ತದೆ. ಗೋವಿನ ಜೋಳದ ನುಚ್ಚು ಹೊಟ್ಟೆತುಂಬ ತಿಂದರೂ ಎಲುಬು ಚೂಪಾಗಿ ಕೈಗೆ ಹತ್ತುತ್ತಿದ್ದರೆ, ಜುಟ್ಟು ಬಿಳಿಚಿದ್ದರೆ, ತತ್ತಿ ಕಡಿಮೆಯಾಗಿದ್ದರೆ ಹುಳ ಇರುವ ಸಾಧ್ಯತೆ ದೊಡ್ಡದು. ಖಚಿತವಾಗಬೇಕಾದರೆ ತಾಜಾ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಅದೇ ದಿನ ದನದ ದವಾಖಾನೆಗೆ ಒಯ್ಯಿರಿ. ಗಟ್ಟಿ ಉಪ್ಪುನೀರಿನಲ್ಲಿ ಕಲಸಿಟ್ಟರೆ ಹುಳದ ಮೊಟ್ಟೆಗಳು ಮೇಲೆ ತೇಲುತ್ತವೆ, ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ತಡ ಮಾಡಬೇಡಿ: ಅದು ಬಹುಮಟ್ಟಿಗೆ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರಕ್ತಭೇದಿ. ಜಂತಿನ ಔಷಧದಿಂದ ಅದು ಹೋಗುವುದಿಲ್ಲ, ಅದಕ್ಕೆ ಆಂಪ್ರೋಲಿಯಂನಂಥ ಬೇರೆಯೇ ಔಷಧ ಬೇಕು.

‘ಯಕ್ಕಾ, ಕುರಿಗೆ ತಂದ ಔಷಧ ಉಳದೈತಿ, ಕೋಳಿಗೂ ಹಾಕಿಬಿಡ್ಲೇನು?’ ಕುರಿ ಸಾಕುವ ನಮ್ಮ ಊರುಗಳಲ್ಲಿ ಈ ಪ್ರಶ್ನೆ ಎಲ್ಲರ ಮನೆಯಲ್ಲೂ ಏಳುತ್ತದೆ. ಔಷಧದ ಹೆಸರು ಆಲ್ಬೆಂಡಜೋಲ್ ಎಂದೇ ಇರಬಹುದು, ಆದರೆ ಬಾಟಲಿಯಿಂದ ಬಾಟಲಿಗೆ ಅದರ ಗಟ್ಟಿತನ ಬೇರೆ. ಶೇ. 2.5ರ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 25 ಮಿ.ಗ್ರಾಂ ಔಷಧವಿದ್ದರೆ, ಶೇ. 10ರದ್ದರಲ್ಲಿ 100 ಮಿ.ಗ್ರಾಂ. ಒಂದೂವರೆ ಕೆ.ಜಿ. ತೂಕದ ಹೇಂಟೆಗೆ ವೈದ್ಯರು ಕೆ.ಜಿ.ಗೆ 10 ಮಿ.ಗ್ರಾಂ ಎಂದು ಹೇಳಿದರೆ ಬೇಕಾಗುವುದು 15 ಮಿ.ಗ್ರಾಂ. ಮೊದಲನೆಯ ಬಾಟಲಿಯಲ್ಲಿ ಅದು 0.6 ಮಿ.ಲೀ., ಎರಡನೆಯದರಲ್ಲಿ ಬರೀ 0.15 ಮಿ.ಲೀ. ಮುಚ್ಚಳದಲ್ಲಿ ಅಂದಾಜು ಅಳೆದು ಹಾಕುವ ಮಾತೇ ಅಲ್ಲ. ಸೂಜಿ ತೆಗೆದ 1 ಮಿ.ಲೀ. ಸಿರಿಂಜು ಇಟ್ಟುಕೊಳ್ಳಿ. ಕಡಿಮೆ ಕೊಟ್ಟರೆ ಗಟ್ಟಿ ಹುಳಗಳು ಉಳಿದು, ಮುಂದೆ ಆ ಔಷಧಕ್ಕೇ ಜಗ್ಗದ ಪೀಳಿಗೆ ಬರುತ್ತದೆ.

ಹುಳ ಯಾವುದೆಂಬುದರ ಮೇಲೆ ಔಷಧ ನಿಲ್ಲುತ್ತದೆ. ಪೈಪರಜೀನ್ ದುಂಡುಹುಳಕ್ಕೆ ಒಳ್ಳೆಯದು, ಲಾಡಿಹುಳಕ್ಕೆ ಕೆಲಸ ಮಾಡದು. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್‌ನಂಥದ್ದು ಬೇಕು, ಅಥವಾ ವೈದ್ಯರು ಆಲ್ಬೆಂಡಜೋಲ್ ಪ್ರಮಾಣ ಏರಿಸಬಹುದು. ಪೈಪರಜೀನ್ ನೀರಿನಲ್ಲಿ ಕರಗುತ್ತದೆ: ಬೆಳಿಗ್ಗೆ ಎರಡು ತಾಸು ನೀರು ತೆಗೆದಿಟ್ಟು, ಆಮೇಲೆ ಔಷಧದ ನೀರು ಇಟ್ಟರೆ ಎಲ್ಲವೂ ಕುಡಿಯುತ್ತವೆ. ಆಲ್ಬೆಂಡಜೋಲ್ ನೀರಿನಲ್ಲಿ ಕರಗದೆ ತಳ ಹಿಡಿಯುತ್ತದೆ. ಬಾಟಲಿ ಚೆನ್ನಾಗಿ ಅಲುಗಾಡಿಸಿ ಒಂದೊಂದಕ್ಕೂ ಬಾಯಿಗೆ ಹಾಕುವುದೇ ಖಾತ್ರಿ. ಕರುಳಿನ ಗೋಡೆಯಲ್ಲಿ ಅಡಗಿದ ಎಳೆ ಹುಳಗಳು ಮೊದಲ ಸಲ ತಪ್ಪಿಸಿಕೊಳ್ಳಬಹುದಾದ್ದರಿಂದ ಎರಡು-ಮೂರು ವಾರ ಬಿಟ್ಟು ಮತ್ತೊಮ್ಮೆ ಕೊಡಲು ವೈದ್ಯರು ಹೇಳುತ್ತಾರೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸುವುದಿದ್ದರೆ ಒಂದು ವಾರ ಮೊದಲು ಹುಳ ತೆಗೆಸಿ, ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಬೇವಿನ ಸೊಪ್ಪು, ಬೆಳ್ಳುಳ್ಳಿ ಹಾಕಿದರೆ ತಪ್ಪಿಲ್ಲ. ಅದನ್ನೇ ನೆಚ್ಚಿ ಔಷಧ ಬಿಡಬಾರದು.

ಔಷಧ ಕೊಟ್ಟ ಮಾರನೆಯ ದಿನವೇ ಗೂಡಿನ ಹಿಕ್ಕೆ ಬಾಚಿ ತೆಗೆಯಿರಿ, ಏಕೆಂದರೆ ಸತ್ತು ಬಿದ್ದ ಹುಳದ ಹೊಟ್ಟೆಯಲ್ಲೂ ಮೊಟ್ಟೆಗಳಿರುತ್ತವೆ. ಕಾಳನ್ನು ನೆಲಕ್ಕೆ ಚೆಲ್ಲದೆ ತಟ್ಟೆಯಲ್ಲಿ ಹಾಕಿ, ನೀರಿನ ಪಾತ್ರೆಯ ಸುತ್ತ ಕೆಸರಾಗಲು ಬಿಡಬೇಡಿ. ಮರಿಗಳನ್ನು ದೊಡ್ಡವುಗಳ ಜಾಗದಿಂದ ಬೇರೆ ಇಟ್ಟರೆ ಅರ್ಧ ಗೆದ್ದಂತೆ.

ಔಷಧದ ಅಂಶ ಕೆಲವು ದಿನ ತತ್ತಿಗೂ ಮಾಂಸಕ್ಕೂ ಇಳಿಯುತ್ತದೆ. ಎಷ್ಟು ದಿನ ಬಿಡಬೇಕೆಂದು ಬಾಟಲಿಯ ಚೀಟಿ ಓದಿ, ವೈದ್ಯರನ್ನೂ ಕೇಳಿ. ಅಲ್ಲಿಯವರೆಗೆ ಆ ತತ್ತಿಯನ್ನು ಮಕ್ಕಳಿಗೆ ಕೊಡುವುದು, ಸಂತೆಗೆ ಒಯ್ಯುವುದು ಬೇಡ. ಇಲ್ಲಿ ಹೇಳಿದ ಹುಳಗಳು ಕೋಳಿಯಿಂದ ಮನುಷ್ಯರಿಗೆ ತಗಲುತ್ತವೆಂಬ ಅಂಜಿಕೆ ಬೇಡ. ಕೊಯ್ದಾಗ ಹುಳ ಕಂಡರೆ ಕರುಳನ್ನು ಆಳವಾಗಿ ಹೂಳಿ, ಉಳಿದದ್ದನ್ನು ಚೆನ್ನಾಗಿ ಬೇಯಿಸಿ ಉಣ್ಣಬಹುದು. ಕರುಳನ್ನು ತಿಪ್ಪೆಗೆ ಮಾತ್ರ ಎಸೆಯಬೇಡಿ, ಉಳಿದ ಕೋಳಿಗಳು ಅಲ್ಲೇ ಕೆದರುತ್ತವೆ.